ಯಾವ ಹೋಟೆಲು ನಿಮ್ಮದು?

ನನ್ನ ಹೆಸರಿನ ಕೊನೆಗೆ ಶೆಟ್ಟಿ ಎಂದಿದೆ. ಮುಂಬಯಿಗೆ ಬಂದು ಮೂವತ್ತಾರು ವರ್ಷ ಆಯಿತು. ಇಷ್ಟು ವರ್ಷಗಳಲ್ಲಿ ಲೋಕಲ್ ಟ್ರೈನಿನಲ್ಲಿ, ಬ್ಯಾಂಕಿನಲ್ಲಿ, ಮಗಳ ಶಾಲೆಯ ಪಾಲಕರ ಸಭೆಯಲ್ಲಿ, ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದು ಕೂತಿದ್ದಾಗಲೂ ನನಗೆ ಎದುರಾದ ಪ್ರಶ್ನೆ ಒಂದೇ: "ಶೆಟ್ಟಿಯವರಾ? ಯಾವ ಹೋಟೆಲು ನಿಮ್ಮದು?"

ನನ್ನದು ಯಾವ ಹೋಟೆಲೂ ಇಲ್ಲ. ವಿಮಾ ಕಂಪನಿಯೊಂದರ ಲೆಕ್ಕಪತ್ರ ವಿಭಾಗಕ್ಕೆ ಗುಮಾಸ್ತನಾಗಿ ಸೇರಿ ಅಲ್ಲಿಂದಲೇ ನಿವೃತ್ತನಾದವನು ನಾನು. ಮನೆಯಲ್ಲಿ ಚಹಾ ಮಾಡಲು ಹೋದರೆ ಹಾಲು ಉಕ್ಕಿಸಿ ಬೈಸಿಕೊಳ್ಳುವವನು. ಮೊದಮೊದಲು ಈ ಪ್ರಶ್ನೆ ಕೇಳಿ ಸಿಟ್ಟು ಬರುತ್ತಿತ್ತು, ಆಮೇಲೆ ನಗು ಬರತೊಡಗಿತು. ಆ ಹಲ್ಲಿನ ಡಾಕ್ಟರಿಗಂತೂ ಉತ್ತರ ಕೊಡಲೂ ಆಗಲಿಲ್ಲ. ನನ್ನ ಮೌನವನ್ನು ಒಪ್ಪಿಗೆ ಎಂದುಕೊಂಡ ಅವರು "ಹೋಟೆಲ್ ಧಂದೆ ಈಗ ಬಹಳ ಕಷ್ಟ ಬಿಡಿ" ಎಂದು ಸಮಾಧಾನವನ್ನೂ ಹೇಳಿದರು.

ಇತರರು ನನ್ನ ಬಗ್ಗೆ ಏನೇನು ಊಹಿಸುತ್ತಾರೆ ಎಂದು ಹೀಗೆ ಲೆಕ್ಕ ಇಡುತ್ತಾ ಬಂದವನು ನಾನು. ನಾನು ಇತರರ ಬಗ್ಗೆ ಏನೇನು ಊಹಿಸುತ್ತೇನೆ ಎಂಬ ಲೆಕ್ಕವನ್ನು ಮಾತ್ರ ಯಾವತ್ತೂ ತೆಗೆದಿರಲಿಲ್ಲ. ಕಳೆದ ಮಾರ್ಚ್ ತಿಂಗಳಲ್ಲಿ ಅದನ್ನು ತೆಗೆಯಬೇಕಾದ ಪ್ರಸಂಗ ಬಂತು.

ಕಾಂದಿವಲಿಯ ನಮ್ಮ ಸೊಸೈಟಿಯಲ್ಲಿ ನಲವತ್ತೆಂಟು ಮನೆಗಳಿವೆ. ನಾನು ಅದರ ಖಜಾಂಚಿ. ನಿವೃತ್ತ ಲೆಕ್ಕಿಗನಿಗೆ ಸೊಸೈಟಿಯವರು ಬೇರೆ ಯಾವ ಕೆಲಸ ಕೊಟ್ಟಾರು? ಮೂರನೆಯ ಮಹಡಿಯ ಮನೆಯೊಂದರ ಮಾಲೀಕರು ಮಗನ ಜೊತೆ ಇರಲು ಪುಣೆಗೆ ಹೋದರು. ಮನೆಯನ್ನು ಬಾಡಿಗೆಗೆ ಕೊಡುತ್ತೇನೆಂದು ಪತ್ರ ಬರೆದರು. ಭಾನುವಾರ ಬೆಳಿಗ್ಗೆ ಕಮಿಟಿ ಸಭೆ. ಕಟಿಂಗ್ ಚಹಾ ಬಂತು. ಸೆಕ್ರೆಟರಿ ಕಾಗದ ಓದಿದರು. ಗಂಡ, ಹೆಂಡತಿ, ಮೂರು ವರ್ಷದ ಹೆಣ್ಣುಮಗು, ಗಂಡನ ತಾಯಿ. ಗಂಡನಿಗೆ ರಕ್ತ ಪರೀಕ್ಷೆಯ ಲ್ಯಾಬ್ ಒಂದರಲ್ಲಿ ಕೆಲಸ. ಹೆಸರು ಓದಿದರು. ಮೂಲ ಊರು ಓದಿದರು: ಆಜಮ್‌ಗಢ, ಉತ್ತರ ಪ್ರದೇಶ.

ಚಹಾ ಕುಡಿಯುತ್ತಿದ್ದವರೆಲ್ಲ ಗ್ಲಾಸು ಕೆಳಗಿಟ್ಟರು.

"ಆಜಮ್‌ಗಢ ಅಂದ್ರೆ... ಟಿವಿಯಲ್ಲಿ ಬರ್ತಿತ್ತಲ್ಲ?" ಎಂದರು ಒಬ್ಬರು. "ನಾನ್‌ವೆಜ್ ವಾಸನೆ ಬರುತ್ತೆ, ಮೆಟ್ಟಿಲ ಹತ್ತಿರದ ಮನೆ" ಎಂದರು ಇನ್ನೊಬ್ಬರು. ನಾನು ತಲೆಯಾಡಿಸಿದೆ. ಆ ಭಾನುವಾರವೂ ನಮ್ಮ ಮನೆಯಲ್ಲಿ ಬಂಗುಡೆ ಕಾಯಿಸುವುದಿತ್ತು. ಬರುವಾಗ ಅಡಿಗೆಮನೆಯಲ್ಲಿ ಮಸಾಲೆ ಹಚ್ಚಿಟ್ಟಿದ್ದನ್ನು ನೋಡಿಯೇ ಬಂದಿದ್ದೆ. ಆದರೂ ತಲೆಯಾಡಿಸಿದೆ. ಅಷ್ಟರಲ್ಲೇ ನಿಲ್ಲಿಸಿದ್ದರೆ ಈ ಅಂಕಣ ಬರೆಯಬೇಕಾಗಿರಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಬಾಯಿ ತೆರೆದು ಹೇಳಿದವನು ನಾನೇ: "ಯಾಕೆ ಸುಮ್ಮನೆ ರಗಳೆ? ಬೇರೆ ಪಾರ್ಟಿ ನೋಡಲು ಹೇಳಿ."

ಎಲ್ಲರಿಗೂ ನಿರಾಳವಾಯಿತು. ಮುಂದಿನ ವಿಷಯ ನೀರಿನ ಟ್ಯಾಂಕಿನದ್ದು.

ಅದೇ ವಾರ ಠಾಣೆಯಲ್ಲಿರುವ ನನ್ನ ಸೋದರಮಾವನನ್ನು ನೋಡಲು ಹೋಗಿದ್ದೆ. ಮಾವನಿಗೆ ಎಂಬತ್ತನಾಲ್ಕು. ಕಾಲು ಸೋತಿದೆ, ನೆನಪು ಸೋತಿಲ್ಲ. ಸೊಸೈಟಿಯ ಸುದ್ದಿ ಹೇಳುತ್ತಾ ಇದನ್ನೂ ಹೇಳಿದೆ, ಒಂದು ತಲೆನೋವು ತಪ್ಪಿತು ಎಂಬ ಧಾಟಿಯಲ್ಲಿ. ಮಾವ ತುಳುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೀನು ಆ ಹುಡುಗನನ್ನು ನೋಡಿದ್ದೀಯೋ?"

"ಇಲ್ಲ."

"ಮಾತಾಡಿದ್ದೀಯೋ?"

"ಇಲ್ಲ ಮಾವ."

"ಹಾಗಾದರೆ ನಿನಗೆ ಅವನ ವಿಷಯ ಏನು ಗೊತ್ತುಂಟು ಮಾರಾಯ?"

ಯೋಚಿಸಿದೆ. ಹೆಸರು ಗೊತ್ತಿತ್ತು, ಊರು ಗೊತ್ತಿತ್ತು. ಅಷ್ಟೇ. ಉಳಿದದ್ದನ್ನೆಲ್ಲ ನಾವು ಆರು ಮಂದಿ ಚಹಾದ ಜೊತೆ ತಯಾರಿಸಿದ್ದೆವು.

ಮಾವ ಊರು ಬಿಟ್ಟು ಮುಂಬಯಿಗೆ ಬಂದದ್ದು 1956ರ ಬೇಸಿಗೆಯಲ್ಲಿ, ಹದಿನಾಲ್ಕನೆಯ ವಯಸ್ಸಿಗೆ. ಗಿರ್‌ಗಾಂವ್‌ನ ಒಂದು ಹೋಟೆಲಿನಲ್ಲಿ ಹಗಲು ಕಪ್ಪು ಬಸಿ ತೊಳೆದು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಗೆ ಹೋಗಿ ಓದಿದ ಸಾವಿರಾರು ಹುಡುಗರಲ್ಲಿ ಅವರೂ ಒಬ್ಬರು. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇಂಥದೊಂದು ಕತೆ ಇದ್ದೇ ಇದೆ. ತೊಳೆಯುವ ಹುಡುಗನಿಂದ ಸಪ್ಲೈಯರ್, ಅಲ್ಲಿಂದ ಗಲ್ಲೆ, ಹೀಗೆ ಮೇಲೆ ಬಂದು, 1967ರಲ್ಲಿ ಮದುವೆ ನಿಶ್ಚಯವಾದಾಗ ಮಾವ ದಾದರ್ ಕಡೆ ಒಂದು ಖೋಲಿ ಹುಡುಕಲು ಹೊರಟರು. ಚಾಳಿನ ಮುನೀಮ ಹೆಸರು ಕೇಳಿದ. ಹೆಸರು ಕೇಳಿದ ಮೇಲೆ ಬೇರೇನನ್ನೂ ಕೇಳಲಿಲ್ಲ. "ಮದ್ರಾಸಿಗಳಿಗೆ ಕೊಡುವುದಿಲ್ಲ" ಎಂದ.

"ನಾನು ಇವತ್ತಿಗೂ ಮದ್ರಾಸ್ ನೋಡಿಲ್ಲ" ಎಂದರು ಮಾವ. ಆಮೇಲೆ ತಾವೇ ನಕ್ಕರು. "ಆದರೆ ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ನಾನು ಊರು ಬಿಟ್ಟಾಗ ನಮ್ಮ ಜಿಲ್ಲೆ ಮದ್ರಾಸ್ ರಾಜ್ಯದಲ್ಲೇ ಇತ್ತು."

ನಿಜ. ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಊಹೆಗಳಿಗೆ ಬಲ ಬರುವುದೇ ಹೀಗೆ. ಪೂರ್ತಿ ಸುಳ್ಳಾದ ಊಹೆ ಬೇಗ ಬಿದ್ದುಹೋಗುತ್ತದೆ. ಎಲ್ಲೋ ಒಂದೆಳೆ ನಿಜವಿದ್ದರೆ, ಆ ಎಳೆಯನ್ನು ಹಿಡಿದು ಇಡೀ ಮನುಷ್ಯನನ್ನು ಕಟ್ಟಿಹಾಕಬಹುದು. ಮುಂಬಯಿಯಲ್ಲಿ ಶೆಟ್ಟರು ಹೋಟೆಲು ಇಟ್ಟಿರುವುದು ನಿಜ; ಆದ್ದರಿಂದ ಈ ಶೆಟ್ಟಿಗೂ ಹೋಟೆಲಿದೆ. ಮಾವನ ಜಿಲ್ಲೆ ಮದ್ರಾಸಿನಲ್ಲಿದ್ದದ್ದು ನಿಜ. ಆದ್ದರಿಂದ ಈತ ಮದ್ರಾಸಿ, ಮದ್ರಾಸಿ ಎಂದರೆ ನಮ್ಮವನಲ್ಲ, ನಮ್ಮವನಲ್ಲದವನಿಗೆ ಮನೆ ಇಲ್ಲ. ಒಂದೊಂದು ಹೆಜ್ಜೆಯೂ ಚಿಕ್ಕದು. ಕೊನೆಯಲ್ಲಿ ನೋಡಿದರೆ ಒಬ್ಬ ಮನುಷ್ಯ ಬೀದಿಯಲ್ಲಿ ನಿಂತಿರುತ್ತಾನೆ.

ಆ ಕಾಲದ ಮುಂಬಯಿಯ ಗಾಳಿಯೇ ಹಾಗಿತ್ತು. ಬಾಳ ಠಾಕ್ರೆ 1960ರಲ್ಲಿ ಶುರು ಮಾಡಿದ 'ಮಾರ್ಮಿಕ್' ವಾರಪತ್ರಿಕೆಯಲ್ಲಿ ಕಂಪನಿಗಳ, ಕಚೇರಿಗಳ ಅಧಿಕಾರಿಗಳ ಹೆಸರಿನ ಪಟ್ಟಿ ಬರುತ್ತಿತ್ತು. ಟೆಲಿಫೋನ್ ಡೈರೆಕ್ಟರಿಯಿಂದ ಆರಿಸಿದ ದಕ್ಷಿಣದ ಹೆಸರುಗಳು. ಮೇಲೆ ಶೀರ್ಷಿಕೆ: 'ವಾಚಾ ಆಣಿ ಥಂಡ ಬಸಾ', ಅಂದರೆ ಓದಿ ಸುಮ್ಮನೆ ಕೂರಿ ಎಂಬ ಕುಟುಕು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. 'ಲುಂಗಿ ಹಟಾವೋ, ಪುಂಗಿ ಬಜಾವೋ' ಬೀದಿಯ ಘೋಷಣೆಯಾಯಿತು. 1961ರ ಜನಗಣತಿಯಲ್ಲಿ ದಕ್ಷಿಣದ ನಾಲ್ಕೂ ಭಾಷೆಯವರು ಎಲ್ಲ ಸೇರಿ ನಗರದ ಜನಸಂಖ್ಯೆಯ ಶೇಕಡಾ 10 ಕೂಡ ಇರಲಿಲ್ಲ. ಆದರೆ ಹೆಸರುಗಳನ್ನು ಒಟ್ಟಿಗೆ ಅಚ್ಚು ಹಾಕಿ ಮುಂದಿಟ್ಟರೆ, ಓದುವವನಿಗೆ ಊರೆಲ್ಲ ಅವರೇ ತುಂಬಿದ್ದಾರೆ ಎನಿಸುತ್ತದೆ. ಪಟ್ಟಿಯಲ್ಲಿ ಸುಳ್ಳು ಹೆಸರು ಇರಬೇಕೆಂದೇನೂ ಇಲ್ಲ. ಪಟ್ಟಿಯಲ್ಲಿ ಏನನ್ನು ಬಿಟ್ಟಿದ್ದಾರೆ ಎಂದು ಕೇಳದಿದ್ದರೆ ಸಾಕು.

ನಮ್ಮ ಕಮಿಟಿಯ ಕಾಗದದಲ್ಲಿ ಇದ್ದದ್ದೂ ಹೆಸರು ಮತ್ತು ಊರು. ನಾವೂ ಓದಿದೆವು. ಸುಮ್ಮನೆ ಕೂರಲಿಲ್ಲ, ಅಷ್ಟೇ ವ್ಯತ್ಯಾಸ.

ಮಾವ ಇಷ್ಟಕ್ಕೇ ನಿಲ್ಲಿಸಿದ್ದರೆ, 'ಒಂದು ಕಾಲದಲ್ಲಿ ನಮಗೆ ಹೀಗೆ ಮಾಡಿದರು, ನಾವು ಬೇರೆಯವರಿಗೆ ಮಾಡಬಾರದು' ಎಂಬ ನೀತಿ ಹಿಡಿದುಕೊಂಡು ನಾನು ಮನೆಗೆ ಬರುತ್ತಿದ್ದೆ. ಅದು ಒಳ್ಳೆಯ ನೀತಿಯೇ. ಆದರೆ ಅದರೊಳಗೂ ಒಂದು ಊಹೆ ಅಡಗಿ ಕೂತಿದೆ: ಆಗ 'ಅವರು' ಎಲ್ಲರೂ ಹಾಗಿದ್ದರು, 'ನಾವು' ಎಲ್ಲರೂ ಸಾಧುಗಳಾಗಿದ್ದೆವು ಎಂದು. ಮಾವ ಅದನ್ನೂ ಉಳಿಸಲಿಲ್ಲ.

1969ರ ಫೆಬ್ರವರಿ. ಗಡಿ ವಿವಾದದ ಬಗ್ಗೆ ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟಿತ್ತು. ಬೆಳಗಾವಿ ಮಹಾರಾಷ್ಟ್ರಕ್ಕೆ ಬರಲಿಲ್ಲವೆಂಬ ಸಿಟ್ಟು ಮುಂಬಯಿಯ ಬೀದಿಗೆ ಇಳಿಯಿತು. ಕೆಲವು ದಿನ ನಗರ ಹೊತ್ತಿ ಉರಿಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು.

ಮಾವನ ಹೋಟೆಲಿನ ಮುಂದೆಯೂ ಒಂದು ಗುಂಪು ಬಂತು. ಶಟರು ಅರ್ಧ ಇಳಿಯುವಷ್ಟರಲ್ಲಿ ಗಾಜಿನ ಬೀರು ಒಡೆಯಿತು. ಹಿಂದಿನ ಬಾಗಿಲಿನಿಂದ ಮಾವ ಮತ್ತು ಮೂವರು ಹುಡುಗರು ಓಡಿದರು. ಎದುರು ಚಾಳಿನ ನೆಲಮಹಡಿಯಲ್ಲಿ ಒಬ್ಬ ಮರಾಠಿ ಹೆಂಗಸು ಇದ್ದಳು. ಇವರೆಲ್ಲ ಅವಳನ್ನು ಮಾವಶಿ ಎಂದು ಕರೆಯುತ್ತಿದ್ದರು. ಅವಳು ಬಾಗಿಲು ತೆರೆದು ನಾಲ್ವರನ್ನೂ ಒಳಗೆ ಎಳೆದುಕೊಂಡು ಚಿಲಕ ಹಾಕಿದಳು. ರಾತ್ರಿ ಪಿಠಲ ಭಾಕ್ರಿ ಮಾಡಿ ಬಡಿಸಿದಳು. ಮಂಚದ ಕೆಳಗೆ ಮಲಗಿಸಿದಳು.

"ಅವಳ ಮಗ ಆ ರಾತ್ರಿ ಮನೆಗೆ ಬರಲಿಲ್ಲ" ಎಂದರು ಮಾವ. "ಯಾಕೆಂದರೆ ಕಲ್ಲು ಬಿಸಾಡುವ ಗುಂಪಿನಲ್ಲಿ ಅವನಿದ್ದ. ನಾನೇ ನೋಡಿದ್ದೇನೆ. ಅವಳಿಗೂ ಗೊತ್ತಿತ್ತು. ಒಂದೇ ಖೋಲಿ, ಒಂದೇ ಒಲೆ. ತಾಯಿ ಹಾಗೆ, ಮಗ ಹೀಗೆ. ಈಗ ನೀನು ಹೇಳು, ಮರಾಠಿಯವರು ಹೇಗೆ?"

ನಾನು ಸುಮ್ಮನಿದ್ದೆ. ಮಾವ ಮುಂದುವರಿಸಿದರು.

ಗಲಾಟೆ ತಣ್ಣಗಾಗಿ ಕೆಲವು ತಿಂಗಳಾದ ಮೇಲೆ ಆ ಮಗ ಹೋಟೆಲಿಗೆ ಬಂದನಂತೆ. ಚಹಾ ಕುಡಿದ. ದುಡ್ಡು ಕೊಡಲು ಗಲ್ಲೆಯ ಹತ್ತಿರ ಬಂದಾಗ ಮಾವ ಕೇಳಿಯೇ ಬಿಟ್ಟರು: "ನಿನ್ನ ಅಮ್ಮ ನಮ್ಮನ್ನು ಉಳಿಸಿದಳು. ನೀನು ಯಾಕೆ ಕಲ್ಲು ಬಿಸಾಡಿದೆ?" ಅವನು ಹೇಳಿದ್ದಿಷ್ಟು. ಎರಡು ಸಲ ಇದೇ ಹೋಟೆಲಿಗೆ ಕೆಲಸ ಕೇಳಿಕೊಂಡು ಬಂದಿದ್ದ. ಎರಡು ಸಲವೂ ಧಣಿಗಳು 'ಜಾಗ ಇಲ್ಲ' ಎಂದಿದ್ದರು. ಎರಡನೆಯ ಸಲ ಹಾಗೆಂದ ವಾರದಲ್ಲೇ ಊರಿನಿಂದ ಹೊಸ ಹುಡುಗನೊಬ್ಬ ಬಂದು ಟೇಬಲ್ ಒರೆಸತೊಡಗಿದ್ದ. ಎದುರು ಚಾಳಿನಿಂದ ಅದನ್ನು ಇವನು ದಿನವೂ ನೋಡುತ್ತಿದ್ದ.

"ಆ ಹೊಸ ಹುಡುಗನನ್ನು ಊರಿನಿಂದ ಕರೆಸಿದವನು ನಾನೇ" ಎಂದರು ಮಾವ. "ಮರಾಠಿ ಹುಡುಗರಿಗೆ ಹೋಟೆಲಿನ ಕೆಲಸ ಬಗ್ಗುವುದಿಲ್ಲ ಎಂದು ನಾವೆಲ್ಲ ಹೇಳಿಕೊಳ್ಳುತ್ತಿದ್ದೆವು. ಯಾರಾದರೂ ಒಬ್ಬನನ್ನು ಇಟ್ಟುಕೊಂಡು ನೋಡಿದ್ದೆವೋ? ಇಲ್ಲ. ಕಲ್ಲು ಬಿಸಾಡಿದ್ದು ತಪ್ಪೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ."

ಐವತ್ತು ವರ್ಷಗಳಿಂದ ನಮ್ಮ ಕುಟುಂಬದಲ್ಲಿ ಆ ಗಲಾಟೆಯ ಕತೆ ಹೇಳುತ್ತಾ ಬಂದಿದ್ದೇವೆ. ಒಡೆದ ಗಾಜಿನ ಬೀರು ಎಲ್ಲರಿಗೂ ಗೊತ್ತು. ಮಾವಶಿಯ ಭಾಕ್ರಿ ಕೆಲವರಿಗೆ ಗೊತ್ತು. ಕೆಲಸ ಸಿಗದ ಹುಡುಗನ ಭಾಗವನ್ನು ನಾನು ಕೇಳಿದ್ದು ಅವತ್ತೇ ಮೊದಲು. ನಾವೂ ನಮ್ಮ ಪಟ್ಟಿಯಿಂದ ಕೆಲವು ಹೆಸರು ಬಿಟ್ಟಿದ್ದೆವು.

ಠಾಣೆಯಿಂದ ಬರುವಾಗ ದಾದರಿನಲ್ಲಿ ಗಾಡಿ ಬದಲಿಸಲು ಇಳಿದವನು, ಸ್ಟೇಶನ್ ಹೊರಗೆ ವಡಾಪಾವ್ ತಿಂದೆ. ತಿನ್ನುತ್ತಾ ಇದೇ ಯೋಚನೆ. ಮುಂಬಯಿಯ ಮಣ್ಣಿನದೇ ತಿಂಡಿ ಎಂದು ಇದನ್ನು ಹೇಳುತ್ತೇವೆ. 1966ರಲ್ಲಿ ದಾದರ್ ಸ್ಟೇಶನ್ ಬಳಿ ಅಶೋಕ್ ವೈದ್ಯ ಎಂಬವರು ಶುರು ಮಾಡಿದರೆಂದು ಪ್ರತೀತಿ. ಉಡುಪಿ ಹೋಟೆಲಿನ ಇಡ್ಲಿ ದೋಸೆಗೆ ಎದುರಾಗಿ ಮರಾಠಿ ತಿಂಡಿ ಎಂದು ಇದನ್ನು ಎತ್ತಿಹಿಡಿದದ್ದೂ ಉಂಟು. ಆದರೆ ಒಳಗಿನ ಬಟಾಟೆ ದಕ್ಷಿಣ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, ಹೆಸರೂ ಅವರದೇ. ಮೆಣಸಿನಕಾಯಿಯೂ ಹಾಗೆಯೇ ಬಂದದ್ದು. ಪಾವ್ ಎಂಬ ಮಾತೂ ಪೋರ್ಚುಗೀಸರದೇ. ಕಡಲು ದಾಟಿ ಬಂದವರನ್ನೆಲ್ಲ ಒಳಗೆ ಕೂರಿಸಿಕೊಂಡು ಅದು 'ನಮ್ಮ' ತಿಂಡಿಯಾಯಿತು. ಇತ್ತ 'ನಮ್ಮ' ಉಡುಪಿ ಹೋಟೆಲಿಗೆ ಹೋದರೆ, ಅನೇಕ ಕಡೆ ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುವವನು ಬಿಹಾರದವನೋ ಜಾರ್ಖಂಡಿನವನೋ. ದೋಸೆ ಚೆನ್ನಾಗಿಯೇ ಇರುತ್ತದೆ. ಹೋಟೆಲಿನ ಕೆಲಸ ನಮ್ಮೂರಿನ ಹುಡುಗರಿಗೆ ಮಾತ್ರ ಬಗ್ಗುತ್ತದೆ ಎಂಬ ಮಾತು ಎಲ್ಲಿ ಹೋಯಿತೋ.

ಊಹೆಗಳೆಲ್ಲ ಕಹಿಯಾಗಿಯೇ ಇರಬೇಕೆಂದಿಲ್ಲ. ಸಿಹಿ ಊಹೆಗಳನ್ನು ಪ್ರಶ್ನಿಸುವುದು ಇನ್ನೂ ಕಷ್ಟ. ನಮ್ಮ ಡಬ್ಬಾವಾಲಾಗಳಿಗೆ ಫೋರ್ಬ್ಸ್ ಪತ್ರಿಕೆ 'ಸಿಕ್ಸ್ ಸಿಗ್ಮಾ' ಪ್ರಮಾಣಪತ್ರ ಕೊಟ್ಟಿದೆ ಎಂದು ನಾನು ವರ್ಷಗಟ್ಟಲೆ ನೆಂಟರಿಗೆಲ್ಲ ಹೇಳಿಕೊಂಡು ಬಂದೆ. ಫೋರ್ಬ್ಸ್‌ನಲ್ಲಿ 1998ರಲ್ಲಿ ಅವರ ಬಗ್ಗೆ ಲೇಖನ ಬಂದದ್ದು ನಿಜ. ಆದರೆ ಪತ್ರಿಕೆ ಅಂಥ ಪ್ರಮಾಣಪತ್ರ ಕೊಟ್ಟಿಲ್ಲ, ತಾನು ಆ ಪದವನ್ನೇ ಬಳಸಿರಲಿಲ್ಲ ಎಂದು ಬರೆದವರೇ ಮುಂದೆ ಸ್ಪಷ್ಟಪಡಿಸಿದ್ದಾರೆ. ಕೇಳಲು ಹಿತವಾಗಿತ್ತು, ಆದ್ದರಿಂದ ಯಾರೂ ವಿಚಾರಿಸಲಿಲ್ಲ. 1890ರಿಂದ ನಡೆದುಬಂದ ಅವರ ಕೆಲಸದ ಹಿರಿಮೆಗೆ ಆ ಬಿಲ್ಲೆಯ ಅಗತ್ಯವೂ ಇರಲಿಲ್ಲ.

ಮನೆಗೆ ಬಂದು ಒಂದು ಕೆಲಸ ಮಾಡಿದೆ. ಲೆಕ್ಕದವನ ಚಾಳಿ. ಒಂದು ಹಾಳೆಯ ನಡುವೆ ಗೆರೆ ಎಳೆದು ಎಡಗಡೆ 'ಗೊತ್ತಿರುವುದು' ಎಂದೂ ಬಲಗಡೆ 'ಅಂದುಕೊಂಡದ್ದು' ಎಂದೂ ಬರೆದೆ. ಬಲಗಡೆ ಜಾಗ ಸಾಲಲಿಲ್ಲ. ಎಡಗಡೆಯನ್ನು ತುಂಬಿಸಲು ಹೊರಟಾಗ ಎರಡು ಸಂಗತಿ ತಿಳಿದವು.

ಒಂದು, ಕಾನೂನಿನದ್ದು. ಮನೆ ಬಾಡಿಗೆಗೆ ಕೊಡಲು ಕಮಿಟಿಯ ಅಪ್ಪಣೆ ಬೇಕೆಂದು ನಾವು ಆರು ಮಂದಿಯೂ ನಂಬಿದ್ದೆವು. ಮಹಾರಾಷ್ಟ್ರದ ಗೃಹನಿರ್ಮಾಣ ಸಹಕಾರ ಸಂಘಗಳ ಮಾದರಿ ಉಪವಿಧಿಗಳನ್ನು ತೆಗೆದು ಓದಿದರೆ, ಸದಸ್ಯರು ಮುಂಚಿತವಾಗಿ ಸೊಸೈಟಿಗೆ ತಿಳಿಸಬೇಕು, ಅಷ್ಟೇ. ಅನುಮತಿ ಕೇಳಬೇಕಾಗಿಲ್ಲ. ಮಾಲೀಕರು ತಾವು ಇರದ ಮನೆಗೆ ಸೊಸೈಟಿ ವಿಧಿಸುವ ಶುಲ್ಕವೂ ಸೇವಾ ಶುಲ್ಕದ ಶೇಕಡಾ 10ನ್ನು ಮೀರುವಂತಿಲ್ಲ. ಎಂದರೆ ನಮಗೆ ಇಲ್ಲದ ಅಧಿಕಾರವನ್ನು ಇದೆಯೆಂದು ಅಂದುಕೊಂಡು, ಗೊತ್ತಿಲ್ಲದ ಮನುಷ್ಯನನ್ನು ಗೊತ್ತಿದೆಯೆಂದು ಅಂದುಕೊಂಡು, ನಾವು ತೀರ್ಪು ಕೊಟ್ಟಿದ್ದೆವು.

ಎರಡನೆಯದು ಆಜಮ್‌ಗಢದ್ದು. ಟಿವಿಯಲ್ಲಿ ಕೇಳಿದ ಒಂದು ಮಾತು ಬಿಟ್ಟರೆ ಆ ಜಿಲ್ಲೆಯ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಗುನುಗುತ್ತಿದ್ದ ಎಷ್ಟೋ ಹಿಂದಿ ಹಾಡುಗಳನ್ನು ಬರೆದ ಕೈಫಿ ಆಜ್ಮಿ ಅದೇ ಜಿಲ್ಲೆಯ ಮಿಜ್ವಾನ್ ಹಳ್ಳಿಯವರು. ಹೆಸರಿನಲ್ಲೇ ಊರಿದೆ, ನಾನು ಗಮನಿಸಿರಲಿಲ್ಲ. ದೇಶ ಸುತ್ತಿ, ಟಿಬೆಟಿಗೆ ಹೋಗಿ ಹಸ್ತಪ್ರತಿಗಳನ್ನು ಹೊತ್ತು ತಂದ ರಾಹುಲ ಸಾಂಕೃತ್ಯಾಯನರು ಹುಟ್ಟಿದ್ದೂ ಅದೇ ಜಿಲ್ಲೆಯಲ್ಲಿ, 1893ರಲ್ಲಿ.

ಇದನ್ನು ಓದಿ ಮೊದಲು ಸಮಾಧಾನವಾಯಿತು. ಆಮೇಲೆ ಅನುಮಾನ ಬಂತು. ಆಜಮ್‌ಗಢದಲ್ಲಿ ಕವಿ ಹುಟ್ಟದಿದ್ದರೆ ಆ ಹುಡುಗನಿಗೆ ಮನೆ ಕೊಡಬಾರದೇ? ರಕ್ತ ಪರೀಕ್ಷೆ ಮಾಡಿ ಸಂಬಳ ತರುವವನು ತನ್ನ ಊರಿನ ಪರವಾಗಿ ಒಬ್ಬ ವಿದ್ವಾಂಸನ ಜಾಮೀನು ತರಬೇಕೇ? ಕೆಟ್ಟ ಊರು ಎಂದು ಅಂದುಕೊಂಡಿದ್ದನ್ನು ಒಳ್ಳೆಯ ಊರು ಎಂದು ಬದಲಾಯಿಸಿದ ಮಾತ್ರಕ್ಕೆ ಆಗಲಿಲ್ಲ. ಊರು ನೋಡಿ ಮನುಷ್ಯನನ್ನು ತೂಗುವ ತಕ್ಕಡಿಯನ್ನೇ ಕೆಳಗಿಡಬೇಕಿತ್ತು.

ಹಾಗೆಂದರೆ ಕಣ್ಣು ಮುಚ್ಚಿ ಯಾರಿಗೆ ಬೇಕಾದರೂ ಮನೆ ಕೊಡಿ ಎಂದಲ್ಲ. ಕರಾರುಪತ್ರ ನೋಂದಣಿಯಾಗಲಿ, ಪೊಲೀಸ್ ಠಾಣೆಗೆ ಬಾಡಿಗೆದಾರರ ಮಾಹಿತಿ ಹೋಗಲಿ, ಕೆಲಸದ ಪತ್ರ, ಠೇವಣಿ ಎಲ್ಲವೂ ಇರಲಿ. ಬರುವವನು ಶೆಟ್ಟಿಯಾದರೂ ಇರಲಿ. ವಿಚಾರಿಸುವವನಿಗೆ ತಾನು ತಿಳಿಯದವನೆಂದು ಗೊತ್ತಿರುತ್ತದೆ, ಅದಕ್ಕೇ ಕೇಳುತ್ತಾನೆ. ಊಹಿಸುವವನಿಗೆ ಎಲ್ಲ ತಿಳಿದಿರುತ್ತದೆ, ಅದಕ್ಕೇ ಕೇಳುವುದಿಲ್ಲ. ತೆರೆದ ಮನಸ್ಸು ಎಂದು ನಾವು ದೊಡ್ಡ ಮಾತಿನಲ್ಲಿ ಹೇಳುವುದು ನಿತ್ಯದ ಬದುಕಿನಲ್ಲಿ ಇಷ್ಟೇ ಚಿಕ್ಕದು: ನಿರ್ಧರಿಸುವ ಮುಂಚೆ ಒಂದು ಪ್ರಶ್ನೆ ಕೇಳುವುದು.

ಪುಣೆಯ ಮಾಲೀಕರಿಗೆ ಫೋನ್ ಮಾಡಿದೆ. ನಮ್ಮ ತಪ್ಪಾಯಿತು, ಆ ಕುಟುಂಬ ಬರಬಹುದು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅವರು ನಾಯಗಾಂವ್‌ನಲ್ಲಿ ಮನೆ ಹಿಡಿದರು, ಶೆಟ್ಟಿ ಸಾಹೇಬ್ರೇ. ನಮ್ಮದು ಅವರು ಕೇಳಿದ ಐದನೆಯ ಸೊಸೈಟಿಯಂತೆ." ನಾಯಗಾಂವ್‌ನಿಂದ ಅವನ ಲ್ಯಾಬಿಗೆ ದಿನಕ್ಕೆ ಒಂದೂವರೆ ಗಂಟೆಯ ಪ್ರಯಾಣ ಹೆಚ್ಚು. ಆ ಮಗು ಅಪ್ಪನನ್ನು ದಿನವೂ ಒಂದೂವರೆ ಗಂಟೆ ಕಡಿಮೆ ನೋಡುತ್ತದೆ. ಇದರಲ್ಲಿ ಊಹೆ ಏನೂ ಇಲ್ಲ, ಲೆಕ್ಕ ಅಷ್ಟೇ.

ಮುಂದಿನ ಸಭೆಯಲ್ಲಿ ನಾನು ಉಪವಿಧಿಯ ಪ್ರತಿ ಇಟ್ಟುಕೊಂಡು ಕೂತೆ. ಬಾಡಿಗೆದಾರರ ಜಾತಿ, ಧರ್ಮ, ಭಾಷೆ, ಊರು ಕಮಿಟಿಯ ಚರ್ಚೆಗೆ ಬರಬಾರದು ಎಂದು ನಡವಳಿ ಪುಸ್ತಕದಲ್ಲಿ ಬರೆಯೋಣ ಎಂದೆ. ಇಬ್ಬರು ಒಪ್ಪಿದರು. ಇಬ್ಬರು ಕಿಟಕಿ ನೋಡಿದರು. ಹಿರಿಯರೊಬ್ಬರು ಮಾತ್ರ ಕೆಂಡವಾದರು. "ನಾಳೆ ಏನಾದರೂ ಆದರೆ ಜವಾಬ್ದಾರಿ ನಿಮ್ಮದೇ?" ಎಂದು ಎದ್ದುಹೋದರು.

ಸಂಕುಚಿತ ಮನಸ್ಸಿನವರು ಎಂದು ಅವರ ಮೇಲೆ ಒಂದು ಚೀಟಿ ಅಂಟಿಸಲು ನನ್ನ ಕೈ ಆಗಲೇ ಮುಂದಾಗಿತ್ತು. ಮಾವನ ಪ್ರಶ್ನೆ ನೆನಪಾಯಿತು. ಸಂಜೆ ಅವರ ಮನೆಗೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟರು. ನಿಧಾನಕ್ಕೆ ಅವರೇ ಹೇಳಿದರು. 2006ರ ಜುಲೈ 11ರ ಸಂಜೆ ವೆಸ್ಟರ್ನ್ ಲೈನಿನ ಏಳು ಲೋಕಲ್‌ಗಳಲ್ಲಿ ಬಾಂಬು ಸಿಡಿದಾಗ ಅವರು ಅಂಥದೊಂದು ಗಾಡಿಯ ಪಕ್ಕದ ಡಬ್ಬಿಯಲ್ಲಿದ್ದರು. ಅಂದಿನಿಂದ ಎಡಗಿವಿ ಕೇಳಿಸುವುದಿಲ್ಲ. ಹದಿನೆಂಟು ವರ್ಷ ಒಂದೇ ಕಟ್ಟಡದಲ್ಲಿದ್ದು ನನಗೆ ಇದು ಗೊತ್ತಿರಲಿಲ್ಲ. ಕರೆದರೆ ತಿರುಗಿ ನೋಡದ ಜಂಬದ ಮನುಷ್ಯ ಎಂದುಕೊಂಡಿದ್ದೆ.

ಅವರ ಭಯ ಸುಳ್ಳಲ್ಲ. ಆದರೆ ಅದು ಯಾರ ಮೇಲೆ ಹೋಗಿ ಕೂರಬೇಕು? ಅದೇ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ 12 ಮಂದಿಯನ್ನೂ 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಖುಲಾಸೆ ಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಹತ್ತೊಂಬತ್ತು ವರ್ಷ ಸಾಕ್ಷಿ, ಪುರಾವೆ ಎಲ್ಲ ನೋಡಿದ ಮೇಲೂ ನ್ಯಾಯಾಲಯಗಳಿಗೇ ಒಂದು ಮಾತಿಗೆ ಬರಲಾಗದಿರುವಾಗ, ಒಂದು ಊರಿನ ಹೆಸರು ಓದಿ ನಮಗೆ ಅದು ಹೇಗೆ ಖಚಿತವಾಗುತ್ತದೆ? ಇದನ್ನು ಅವರ ಬಲಗಿವಿಯ ಕಡೆ ಕೂತು ಮೆಲ್ಲಗೆ ಕೇಳಿದೆ. ಅವರು ಒಪ್ಪಲಿಲ್ಲ. ಬೈಯಲೂ ಇಲ್ಲ. "ನೋಡೋಣ" ಎಂದರು. ಮನೆ ಜೂನ್ ತನಕ ಖಾಲಿ ಇತ್ತು. ನಡವಳಿ ಪುಸ್ತಕದಲ್ಲಿ ಆ ಸಾಲು ಬರೆದದ್ದು ಆಗಸ್ಟಿನಲ್ಲಿ. ಅವರೂ ಸಹಿ ಹಾಕಿದರು.

ಇಷ್ಟೆಲ್ಲ ಆದ ಮೇಲೆ ನಾನು ಸುಧಾರಿಸಿದ್ದೇನೆ ಎಂದುಕೊಂಡಿದ್ದೆ. ಈ ಅಂಕಣವನ್ನು ಅಲ್ಲಿಗೇ ಮುಗಿಸುವ ಯೋಚನೆಯೂ ಇತ್ತು. ಆದರೆ ಹೋದ ವಾರ ಬೋರಿವಲಿಯಿಂದ ರಿಕ್ಷಾ ಹಿಡಿದೆ. ದಿನದ ದಾರಿ ಬಿಟ್ಟು ರಿಕ್ಷಾ ಬೇರೆ ಕಡೆ ತಿರುಗಿತು. ಆಗಲೇ ಹೆಂಡತಿಯ ಫೋನ್ ಬಂತು. "ಬರ್ತಾ ಇದ್ದೇನೆ ಮಾರಾಯ್ತಿ, ಈ ಭಯ್ಯಾ ಮೀಟರ್ ಓಡಿಸ್ಲಿಕ್ಕೆ ಊರೆಲ್ಲ ಸುತ್ತಿಸ್ತಾ ಇದ್ದಾನೆ" ಎಂದೆ, ಧೈರ್ಯವಾಗಿ, ಕನ್ನಡದಲ್ಲಿ.

ಗೇಟಿನ ಮುಂದೆ ರಿಕ್ಷಾ ನಿಂತಿತು. ಚಾಲಕ ಚಿಲ್ಲರೆ ಎಣಿಸುತ್ತಾ ಹೇಳಿದ: "ಆ ಕಡಿ ಕಾಂಕ್ರೀಟ್ ಕೆಲಸ ನಡದದ ರೀ ಸಾಹೇಬ್ರ. ರೋಡ್ ಬಂದ್ ಅದ. ಅದಕ್ಕ ಈ ಕಡಿ ತಂದೆ."

ನನ್ನ ಮುಖ ಸಣ್ಣದಾಯಿತು. ಯಾವ ಊರು ಎಂದು ಕೇಳಿದೆ. ಆಳಂದದ ಹತ್ತಿರ, ಕಲಬುರಗಿ ಜಿಲ್ಲೆ. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತಂತೆ. ಅಪ್ಪ ಅಮ್ಮ ಕಟ್ಟಡದ ಕೂಲಿಗೆಂದು ಕರೆದುಕೊಂಡು ಬಂದವರು. ಓದಿದ್ದು ಪಾಲಿಕೆಯ ಕನ್ನಡ ಶಾಲೆಯಲ್ಲಿ, ಏಳನೆಯ ತರಗತಿ ತನಕ. ಮುಂಬಯಿ ಕನ್ನಡಿಗರು ಎಂದರೆ ಕರಾವಳಿಯ ಶೆಟ್ಟಿ, ಪೂಜಾರಿ, ರಾವ್, ಪೈಗಳು ಎಂದೇ ಲೆಕ್ಕ ಹಾಕುತ್ತಾ, ಸಂಘಗಳ ಸಭೆಯಲ್ಲಿ 'ನಾವು ಕನ್ನಡಿಗರು' ಎಂದು ಭಾಷಣ ಮಾಡುತ್ತಾ ಬಂದ ನನಗೆ, ಮೂವತ್ತಾರು ವರ್ಷಗಳಲ್ಲಿ ಇಂಥ ಎಷ್ಟು ಮಂದಿ ಕನ್ನಡಿಗರ ಬೆನ್ನ ಹಿಂದೆ ಕೂತು ಪ್ರಯಾಣ ಮಾಡಿದ್ದೇನೋ ಗೊತ್ತಿಲ್ಲ.

"ತಪ್ಪು ತಿಳಕೊಂಡೆ, ಬೇಜಾರು ಮಾಡ್ಕೋಬೇಡಿ" ಎಂದೆ.

"ಅಯ್ಯ, ಇರ್ಲಿ ಬಿಡ್ರೀ" ಎಂದು ನಕ್ಕ ಅವನು ರಿಕ್ಷಾ ಚಾಲೂ ಮಾಡಿ, ನನ್ನ ಮಾತಿನ ಧಾಟಿ ಹಿಡಿದು, ಹೋಗುವ ಮುಂಚೆ ಒಂದು ಪ್ರಶ್ನೆ ಕೇಳಿದ.

"ಮಂಗಳೂರ ಕಡೇವ್ರು ಅಲ್ರೀ ನೀವು? ಯಾವ ಹೋಟೆಲ್ ರೀ ನಿಮ್ದು?"